ಬೂದು ಚೌಕದ ಹಿಂದಿನ ಕೂಸು

ಖಂಡೆ ಪೂಜೆಯ ದಿನ ನಮ್ಮ ಶಹಾಪುರದಲ್ಲಿ ಯಾವ ಸಾಮಾನಿಗೂ ಕೆಲಸವಿಲ್ಲ. ಕುಡುಗೋಲು, ಕೊಡಲಿ, ಟ್ರ್ಯಾಕ್ಟರು, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ, ಮರುದಿನ ಸಂಜೆ ಬನ್ನಿ ಹಂಚಿಕೊಳ್ಳುವವರೆಗೆ ಮುಟ್ಟದೆ ಬಿಡುತ್ತಾರೆ. ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಮೇಲೆ ಆ ಸಾಲಿಗೆ ಕಂಪ್ಯೂಟರೂ ಸೇರಿತು. ಮಾನಿಟರಿಗೆ ಮೂರು ಬೆರಳ ವಿಭೂತಿ, ಮೌಸಿಗೆ ಕುಂಕುಮ. ಆ ಕುಂಕುಮ ಮೌಸಿನ ಸಂದಿಗಿಳಿದು ದೀಪಾವಳಿಯವರೆಗೂ ಬೆರಳಿಗೆ ಅಂಟುತ್ತಿತ್ತು. ಪ್ರತಿ ವರ್ಷ ಗೊಣಗುತ್ತಲೇ ಹಚ್ಚುತ್ತಿದ್ದೆ.

ಪೂಜೆಗೆ ಕೂರಿಸುವ ಸಾಮಾನು ಹಳೆಯದಾಗಿ ಕಾಣಬಾರದು ಎನ್ನುವುದು ನಮ್ಮ ಕಡೆಯವರ ಹಟ. ಟ್ರ್ಯಾಕ್ಟರಿಗೆ ಬಣ್ಣ ಬಳಿಸುತ್ತಾರೆ, ಅಂಗಡಿಗೆ ಸುಣ್ಣ ಹೊಡೆಸುತ್ತಾರೆ. ಕಂಪ್ಯೂಟರಿಗೂ ಹಾಗೆಯೇ. ಯಾದಗಿರಿಯಿಂದ ಒಬ್ಬ ರಿಪೇರಿಯವನು ಬಂದು ನಮ್ಮ ಓಣಿಯ ಅಷ್ಟೂ ಅಂಗಡಿಗಳ ಯಂತ್ರಗಳನ್ನು ಒಂದೇ ವಾರದಲ್ಲಿ ತಿಕ್ಕಿ ತೊಳೆದು ಹೋಗುತ್ತಿದ್ದ. ಹೊರಗಿನ ಧೂಳು ತೆಗೆಯುವುದಷ್ಟೇ ಅಲ್ಲ, ಒಳಗಿನ ಹಳೆಯ ತಂತ್ರಾಂಶಗಳನ್ನೆಲ್ಲ ಕಿತ್ತು ಹೊಸ ಆವೃತ್ತಿ ಕೂರಿಸುತ್ತಿದ್ದ. ಆ ವರ್ಷ, ಹಬ್ಬಕ್ಕೆ ನಾಲ್ಕು ದಿನ ಮೊದಲು ಬಂದವನಿಗೆ, ಹಳೇದು ಒಂದೂ ಉಳೀಬಾರದು ಅಂತ ನಾನೇ ತಾಕೀತು ಮಾಡಿದ್ದೆ. ಪುಣ್ಯಾತ್ಮ ಒಂದನ್ನೂ ಉಳಿಸಲಿಲ್ಲ.

ಪೂಜೆ ಮುಗಿಸಿ, ಊದಿನಕಡ್ಡಿಯ ಹೊಗೆ ಇನ್ನೂ ಆಡುತ್ತಿದ್ದಾಗ ಅಂಗಡಿಯ ಮುಂದೆ ನನ್ನ ಅಕ್ಕ ಬಂದು ನಿಂತಳು. ಅವಳ ಜೊತೆ ಗಂಡ, ಅಂದರೆ ನಮ್ಮ ಮಾಮಾ, ಮತ್ತು ಅವರ ತಾಯಿ. ಮೂವರೂ ಕೆಂಭಾವಿಯಿಂದ ಮೊದಲ ಬಸ್ಸಿಗೇ ಹೊರಟು ಬಂದವರು. ಹಬ್ಬದ ದಿನ ಮನೆ ಬಿಟ್ಟು ಬಂದಿದ್ದಾರೆಂದರೆ ಏನೋ ಕೆಟ್ಟದ್ದೇ ಆಗಿದೆ ಅಂದುಕೊಂಡೆ. ಅಕ್ಕ ಮಾಮಾನ ಮೊಬೈಲನ್ನು ನನ್ನ ಕೈಗಿತ್ತಳು. ಅದರಲ್ಲೊಂದು ಸಂದೇಶವಿತ್ತು. ನಿಮಗೊಂದು ಮಗುವನ್ನು ಗೊತ್ತು ಮಾಡಲಾಗಿದೆ, ಎರಡು ದಿನದೊಳಗೆ ಒಪ್ಪಿಗೆ ತಿಳಿಸಿ, ಇಲ್ಲದಿದ್ದರೆ ಮಗು ಮುಂದಿನ ದಂಪತಿಗೆ ಹೋಗುತ್ತದೆ ಎಂದು.

ಅಕ್ಕನಿಗೆ ಮಕ್ಕಳಿರಲಿಲ್ಲ. ಕಲಬುರಗಿಯ ಡಾಕ್ಟರು, ರಾಯಚೂರಿನ ಡಾಕ್ಟರು, ಹರಕೆ, ಉಪವಾಸ ಎಲ್ಲ ಮುಗಿಸಿ, ದತ್ತು ತೆಗೆದುಕೊಳ್ಳುತ್ತೇನೆ ಅಂತ ಅವಳು ಪಟ್ಟು ಹಿಡಿದಿದ್ದಳು. ಯಾರ ರಕ್ತವೋ ಏನೋ ಅಂತ ಅವಳ ಅತ್ತೆ ಬಹಳ ದಿನ ಮುಖ ತಿರುಗಿಸಿದ್ದರು. ಕೊನೆಗೆ ಅರ್ಜಿ ತುಂಬಿದ್ದು ನಾನೇ, ಇದೇ ಯಂತ್ರದಲ್ಲಿ. ಆಮೇಲೆ ವರ್ಷಗಳ ಕಾಯುವಿಕೆ. ಈಗ ಸಂದೇಶ ಬಂದಾಗ ಕಾಲುವೆ ಚಾಲೂ ಇತ್ತು. ನೀರಿನ ಪಾಳಿ ಬಂದರೆ ಗಂಡಸರು ಮನೆಗೆ ಬರುವುದಿಲ್ಲ. ಮೇಲಿನ ಹೊಲದವನು ನೀರು ತಿರುಗಿಸಿಕೊಂಡಾನೆಂದು ಬದುವಿನ ಮೇಲೆಯೇ ಉಳಿಯುತ್ತಾರೆ. ಮಾಮಾನ ಮೊಬೈಲು ಹೊಲದಲ್ಲೇ ಚಾರ್ಜು ಮುಗಿದು ಸತ್ತುಬಿದ್ದಿತ್ತು. ಕಾಲುವೆ ಬಂದ್ ಆಗಿ ಅವರು ಮನೆಗೆ ಬರುವಷ್ಟರಲ್ಲಿ ಎರಡು ದಿನದಲ್ಲಿ ಉಳಿದದ್ದು ಹಬ್ಬದ ದಿನದ ಸಂಜೆಯವರೆಗಿನ ಹೊತ್ತು ಮಾತ್ರ.

ಪೂಜೆಗೆ ಕುಳಿತ ಯಂತ್ರ ಮುಟ್ಟುವುದು ಹೇಗೆ ಅಂತ ನಾನು ಒಂದು ಗಳಿಗೆ ಅಕ್ಕನ ಅತ್ತೆಯ ಮುಖ ನೋಡಿದೆ. ಮಡಿ, ಸಂಪ್ರದಾಯ ಅಂದರೆ ಅವರ ಮುಂದೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅವರು ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ನಾನು ಹೂವಿನ ಸರ ತೆಗೆದು ಪಕ್ಕಕ್ಕಿಟ್ಟು ಗುಂಡಿ ಒತ್ತಿದೆ.

ದತ್ತಿನ ಜಾಲತಾಣದ ಪುಟ ತೆರೆಯಿತು. ಹೆಣ್ಣು, ಹನ್ನೊಂದು ತಿಂಗಳು ಅಂತ ಅಕ್ಷರದಲ್ಲಿತ್ತು. ಕೆಳಗೆ ಎರಡು ಗುಂಡಿ, ಒಂದು ಒಪ್ಪಿಗೆಗೆ, ಒಂದು ನಿರಾಕರಣೆಗೆ. ಮೇಲೆ ಮಗುವಿನ ಚಿತ್ರ ಮತ್ತು ಆರೋಗ್ಯದ ವರದಿ ಬರಬೇಕಾದ ಜಾಗದಲ್ಲಿ ಮಾತ್ರ ಒಂದು ಬೂದು ಚೌಕ. ಈ ಪ್ಲಗಿನ್ ನಡೆಯುವುದಿಲ್ಲ ಅಂತ ಅದರೊಳಗೆ ಒಂದು ಸಾಲು. ಅಕ್ಕ ನನ್ನ ಭುಜದ ಮೇಲೆ ಬಾಗಿ ಆ ಚೌಕವನ್ನೇ ನೋಡುತ್ತಿದ್ದಳು. ಕೂಸು ಎಲ್ಲಿ ಅಂತ ಕೇಳಿದಳು. ನಾನು ಪುಟವನ್ನು ಮುಚ್ಚಿ ಮತ್ತೊಮ್ಮೆ ತೆರೆದೆ, ಮತ್ತೆ ಅದೇ ಚೌಕ.

ಪ್ಲಗಿನ್ ಎಂದರೆ ಬ್ರೌಸರಿಗೆ ತಗುಲಿಸಿದ ಒಂದು ಸಣ್ಣ ಜೋಡಣೆ. ಅದರ ಕೆಳಗೆ ರನ್‌ಟೈಮ್ ಎನ್ನುವ ಇನ್ನೊಂದು ತಂತ್ರಾಂಶ ಇರಬೇಕು, ಎರಡರ ಆವೃತ್ತಿಯೂ ಕೂಡಬೇಕು. ನನ್ನ ಹಳೆಯ ಯಂತ್ರದಲ್ಲಿ ಕೂಡಿದ್ದವು. ಅರ್ಜಿ ತುಂಬಿದ ದಿನ ಇದೇ ಚೌಕದಲ್ಲಿ ಅಕ್ಕ ಮತ್ತು ಮಾಮಾನ ಜೋಡಿ ಫೋಟೋ ಸೊಗಸಾಗಿ ಮೂಡಿತ್ತು. ಈಗ ಬ್ರೌಸರು ಹೊಸದು, ರನ್‌ಟೈಮ್ ಹೊಸದು, ಪುಟವೊಂದೇ ಹಳೆಯದು. ಇದನ್ನು ಮಾಮಾನಿಗೆ ವಿವರಿಸಲು ತಡವರಿಸುತ್ತಿದ್ದೆ. ಅವರೇ, ಮೋಟಾರು ಬದಲಿಸಿ ಪೈಪು ಹಳೇ ಅಳತೆಯದೇ ಬಿಟ್ಟ ಹಾಗಾಯಿತು ಅಂದರು. ಬರೋಬ್ಬರಿ ಹಾಗೆಯೇ ಆಗಿತ್ತು.

ಮೊದಲು ಪಕ್ಕದ ಅಂಗಡಿಗೆ ಓಡಿದೆ. ಅಂಗಡಿಯವನು ಅರ್ಧ ಶಟರು ಇಳಿಸಿ ಹೋಳಿಗೆ ತಿನ್ನುತ್ತಿದ್ದ. ನಾಳೆ ಬನ್ನಿ ಮುಡಿದ ಮೇಲೆ ಬಾ ಅಂದ. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ ಮೇಲೆ ಯಂತ್ರ ಹಚ್ಚಿದ. ಅಲ್ಲಿಯೂ ಅದೇ ಬೂದು ಚೌಕ. ಆಗ ಹೊಳೆಯಿತು. ಓಣಿಯ ಎಲ್ಲರದನ್ನೂ ಹೊಸದು ಮಾಡಿದವನು ಒಬ್ಬನೇ. ಇಡೀ ಸಾಲು ಒಂದೇ ರೋಗ ಹಿಡಿದು, ವಿಭೂತಿ ಹಚ್ಚಿಕೊಂಡು ಕುಳಿತಿತ್ತು. ಆ ರಿಪೇರಿಯವನಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಸಂದೇಶದಲ್ಲಿದ್ದ ದತ್ತು ಕೇಂದ್ರದ ನಂಬರು ಹಬ್ಬದ ರಜೆಯಲ್ಲಿ ಸುಮ್ಮನೆ ಬಡಿದುಕೊಳ್ಳುತ್ತಿತ್ತು. ಮಾಮಾನ ಮೊಬೈಲು ಕರೆ ಮಾಡಲಿಕ್ಕಷ್ಟೇ, ನನ್ನ ಮೊಬೈಲಿನಲ್ಲಿ ಪುಟ ಬಂತಾದರೂ ಆ ಬೂದು ಚೌಕವೂ ಬರಲಿಲ್ಲ.

ಮತ್ತೆ ನನ್ನ ಕುರ್ಚಿಗೆ ಬಂದೆ. ಹೊಸ ರನ್‌ಟೈಮನ್ನು ಕಿತ್ತು ಹಾಕಿದೆ. ಕಪಾಟು ಜಾಲಾಡಿ ಹಳೆಯ ಸಿ.ಡಿ. ಒಂದನ್ನು ಹುಡುಕಿ ಅದರಿಂದ ಹಳೆಯ ಆವೃತ್ತಿ ಕೂರಿಸಿದೆ. ಬ್ರೌಸರು, ಇದು ಬಹಳ ಹಳೆಯದು, ಅಪಾಯ, ನಡೆಸುವುದಿಲ್ಲ ಅಂತ ತಡೆಯಿತು. ಸೆಟ್ಟಿಂಗಿಗೆ ಹೋಗಿ ಈ ಜಾಲತಾಣವನ್ನು ನಂಬು ಅಂತ ಸೇರಿಸಿದೆ. ನಂಬಲಿಲ್ಲ. ಆ ಹೊಸ ಬ್ರೌಸರು ಇಂಥ ಪ್ಲಗಿನ್‌ಗಳಿಗೆ ಬಾಗಿಲನ್ನೇ ಮುಚ್ಚಿಬಿಟ್ಟಿದೆ ಎಂದು ಆಮೇಲೆ ಗೊತ್ತಾಯಿತು. ಯಂತ್ರದ ಜೊತೆಗೇ ಬಂದಿದ್ದ ಇನ್ನೊಂದು ಬ್ರೌಸರನ್ನು ತೆರೆದರೆ, ಅದು ಅರವತ್ನಾಲ್ಕು ಬಿಟ್ ಅಳತೆಯದು, ನನ್ನ ಸಿ.ಡಿ.ಯದು ಮೂವತ್ತೆರಡರದು. ಒಂದಕ್ಕೊಂದು ಪರಿಚಯವೇ ಇಲ್ಲ. ಅದರ ಮೂವತ್ತೆರಡರ ರೂಪವನ್ನು ಹುಡುಕಿ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಯು.ಪಿ.ಎಸ್. ಕುಯ್ಯೋ ಎಂದು ಅದೂ ಆರಿತು. ಅದರ ಮೇಲೊಂದು ಗುದ್ದು ಹಾಕಿ, ಬಾಯಿಗೆ ಬಂದದ್ದೆಲ್ಲ ಬೈದೆ. ಹಬ್ಬದ ದಿನ ಅಂಥ ಮಾತು ಆಡಬಾರದಿತ್ತು, ಆಡಿದೆ.

ಅಕ್ಕ ಪದೇ ಪದೇ ಒಪ್ಪಿಗೆ ಕೊಟ್ಟುಬಿಡೋಣ ಅನ್ನುತ್ತಿದ್ದಳು. ಅದಕ್ಕೆ ಪ್ಲಗಿನ್ ಬೇಕಿರಲಿಲ್ಲ, ಗುಂಡಿ ಕಣ್ಣ ಮುಂದೆಯೇ ಇತ್ತು. ತಡೆದವರು ಮಾಮಾ.

"ಕೂಸಿನ ಮಾರಿ ಕಾಣದಿದ್ರ ನಡೀತದ. ಆದ್ರ ಆ ಡಾಕ್ಟರ ಕಾಗದ ನೋಡದ ನಾ ಹೂಂ ಅನ್ನಂಗಿಲ್ಲ," ಅಂದರು.

ಅವರನ್ನು ಕಟುಕ ಅನ್ನಲು ನನಗೆ ಮನಸ್ಸು ಬರಲಿಲ್ಲ. ಅವರಿಗೊಬ್ಬ ತಮ್ಮನಿದ್ದ. ಹುಟ್ಟಿದಾಗಿನಿಂದ ನಡೆಯಲಾರದವನು, ಮಾತು ಬಾರದವನು. ಮೀಸೆ ಮೂಡುವ ವಯಸ್ಸಿನಲ್ಲೂ ಅವನನ್ನು ಅಕ್ಕನ ಅತ್ತೆ ಸೊಂಟದ ಮೇಲೆ ಹೊತ್ತು ತಿರುಗಿದ್ದನ್ನು ಕೆಂಭಾವಿಯೆಲ್ಲ ನೋಡಿದೆ. ಅವನು ತೀರಿಕೊಂಡಾಗ ಮಾಮಾ ಅಳಲಿಲ್ಲವಂತೆ, ಅವ್ವಗೆ ಬಿಡುಗಡೆ ಆಯಿತು ಅಂದರಂತೆ. ಅಂಥ ಮನೆಯಲ್ಲಿ ಬೆಳೆದವರ ಹೆದರಿಕೆ ಇದು. ಅಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು, ನನ್ನ ಕೂಸು ಕೈ ಬಿಟ್ಟು ಹೋಗಾಕತ್ತದ ಅಂತ ಗೋಡೆಗೆ ಹಣೆ ಹಚ್ಚಿ ಅಳತೊಡಗಿದಳು. ನೋಡದ ಕೂಸು ಆಗಲೇ ಅವಳದಾಗಿತ್ತು.

ಕರೆಂಟು ಬಂದಿತು. ನಾನು ಮತ್ತೆ ಎಲ್ಲ ತೆರೆದೆ. ಈ ಸಲ ಬೂದು ಚೌಕದಲ್ಲಿ ಒಂದು ಚಕ್ರ ತಿರುಗತೊಡಗಿತು. ಮಾಮಾ ಎದ್ದು ಬಂದು ಪರದೆಗೆ ಮೂಗು ಹಚ್ಚಿ ನಿಂತರು. ಚಕ್ರ ತಿರುಗಿತು, ತಿರುಗಿತು, ಆವೃತ್ತಿ ಹೊಂದುವುದಿಲ್ಲ ಅಂತ ಬರೆದು ನಿಂತಿತು. ಇನ್ನೂ ಒಂದು ಮೆಟ್ಟಿಲು ಹಳೆಯದು ಬೇಕಿತ್ತು. ಅದನ್ನು ಇಳಿಸಿಕೊಳ್ಳಲು ಹಚ್ಚಿದೆ. ನಮ್ಮ ಊರಿನ ನೆಟ್ಟು ಹಬ್ಬದ ದಿನ ನಡೆಯುವುದನ್ನೂ ಮರೆತು ತೆವಳುತ್ತಿತ್ತು. ಪುಟದ ಮೂಲೆಯಲ್ಲಿ ಉಳಿದ ಸಮಯ ಕರಗುತ್ತಿರುವುದು ಕಾಣುತ್ತಿತ್ತು. ಇದು ಇಳಿದು, ಕೂತು, ಯಂತ್ರ ಒಮ್ಮೆ ಆರಿ ಹೊತ್ತುವಷ್ಟರಲ್ಲಿ ಗಡುವು ದಾಟುತ್ತದೆ ಎಂದು ಮಾಮಾನಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಹಾಗಾದರೆ ಬೇಡ, ಮುಂದಿನ ಸಲ ನೋಡೋಣ ಅಂದರು. ಮುಂದಿನ ಸಲವೆಂದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುವುದು.

ಆಗ ಬೆಳಗಿನಿಂದ ಬಾಯಿ ಬಿಡದೆ ಕುಳಿತಿದ್ದ ಅಕ್ಕನ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. ಮುದುಕಿ ಈಗ ಇದು ದೇವರ ಸೂಚನೆ, ಪೂಜೆಯ ಸಾಮಾನು ಮುಟ್ಟಿದ್ದಕ್ಕೆ ಹೀಗಾಯಿತು ಅನ್ನುತ್ತಾರೆ ಅಂತ ನಾನು ಹಲ್ಲು ಕಚ್ಚಿ ಕುಳಿತೆ. ಅವರು ಮಗನ ಎದುರಿಗೆ ಬಂದು ನಿಂತರು.

"ಹೊಟ್ಟ್ಯಾಗ ಇದ್ದಾಗ ನಿನ್ನ ಕಾಗದ ನನಗ ಯಾರು ಓದಿ ಹೇಳಿದ್ರು? ನಿನ್ನ ತಮ್ಮಂದು ಯಾರು ಹೇಳಿದ್ರು?" ಅಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಹೂಂ ಅನ್ನು ಹೋಗವ್ವಾ," ಅಂದರು.

ಮಾಮಾ ಬಾಗಿಲ ಕಡೆ ತಿರುಗಿ ನಿಂತರು. ಅಕ್ಕ ಮುಖ ಒರೆಸಿಕೊಂಡು ಬಂದು, ಜೀವನದಲ್ಲಿ ಮುಟ್ಟದಿದ್ದ ಮೌಸನ್ನು ಹಿಡಿದಳು. ಬಾಣ ಗುಂಡಿಯ ಮೇಲೆ ನಿಲ್ಲಲೇ ಇಲ್ಲ. ನಾನು ಅವಳ ಕೈಯ ಮೇಲೆ ಕೈಯಿಟ್ಟೆ. ಒಪ್ಪಿಗೆ ಸ್ವೀಕರಿಸಲಾಗಿದೆ ಅಂತ ಬಂತು. ಆ ರಾತ್ರಿ ನನಗೆ ಖುಷಿಯಾಗಲಿಲ್ಲ, ಬರೀ ಭಯವಾಯಿತು. ಮಾಮಾ ನಮ್ಮನ್ನೆಲ್ಲ ಬಿಟ್ಟು ಒಬ್ಬರೇ ಮುಂದೆ ಹೋಗಿ ಬಸ್ಸು ಹತ್ತಿದ್ದರು.

ಕೆಲವು ದಿನಗಳ ಮೇಲೆ ಮಗುವನ್ನು ನೋಡಲು ದತ್ತು ಕೇಂದ್ರಕ್ಕೆ ಹೋದಾಗ ಕಾಗದ ಓದಲಿಕ್ಕೆ ಅಂತ ನನ್ನನ್ನೂ ಕರೆದೊಯ್ದರು. ಅಲ್ಲಿ ಆರೋಗ್ಯದ ವರದಿ ಅಚ್ಚಾಗಿ ಸಿಕ್ಕಿತು. ಮೊದಲ ಪುಟ ಚೆನ್ನಾಗಿತ್ತು. ಎರಡನೆಯದರಲ್ಲಿ ಎರಡೂ ಕಿವಿ ಕೇಳುವುದಿಲ್ಲ ಅಂತ ಬರೆದಿತ್ತು. ಅದನ್ನೂ ಓದಿ ಹೇಳಿದೆ. ಈಗಲೂ ಬೇಡ ಅನ್ನಬಹುದು ಅಂತ ಅಲ್ಲಿನವರು ಮೆತ್ತಗೆ ತಿಳಿಸಿದರು. ಅಕ್ಕ ಗಂಡನನ್ನು ನೋಡಿದಳು. ಕೂಸು ಅಷ್ಟರಲ್ಲಿ ಅಂಬೆಗಾಲಿಟ್ಟು ಬಂದು ಮಾಮಾನ ಧೋತರದ ಅಂಚು ಹಿಡಿದು ಎದ್ದು ನಿಲ್ಲಲು ನೋಡುತ್ತಿತ್ತು. ಮಾಮಾ ಬಗ್ಗಿ ಎತ್ತಿಕೊಂಡರು. ಎಂಥ ದೊಡ್ಡ ಮನಸ್ಸು ಅಂತ ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅಕ್ಕ ಗಂಡನನ್ನು ದೇವರಂತೆ ನೋಡತೊಡಗಿದಳು.

ಹುಡುಗಿಗೆ ನಾಲ್ಕು ತುಂಬಿದ ವರ್ಷ ನಾನು ಕೆಂಭಾವಿಗೆ ಹೋಗಿದ್ದೆ. ಕಾಲುವೆ ಚಾಲೂ ಇತ್ತು. ಮಾಮಾ ಹೊಲದಲ್ಲಿ ನೀರು ಕಟ್ಟುತ್ತಿದ್ದರು, ಹುಡುಗಿ ಅವರ ಹೆಗಲ ಮೇಲಿತ್ತು. ಅದನ್ನು ಕರೆಯಬೇಕಾದರೆ ಅವರು ಹೆಸರು ಕೂಗುವುದಿಲ್ಲ, ಕಾಲಿಂದ ನೆಲ ಗುದ್ದುತ್ತಾರೆ, ಅದು ತಿರುಗಿ ನೋಡುತ್ತದೆ. ಬದುವಿನ ಮೇಲೆ ಕೂತು ಅದೂ ಇದೂ ಮಾತಾಡುತ್ತ, ಆ ದಿನ ಚೌಕ ತೆರೆಯಲಿಕ್ಕೆ ನಾನು ಪಟ್ಟ ಪಾಡನ್ನು ತಮಾಷೆಯಾಗಿ ನೆನಪಿಸಿದೆ. ಮಾಮಾ ನಗಲಿಲ್ಲ. ಹುಡುಗಿಯ ಪಾದದ ಕೆಸರು ಒರೆಸುತ್ತ ಹೇಳಿದರು.

"ಅವತ್ತ ಅದು ತೆರದಿತ್ತಂದ್ರ ನಾ ಒಲ್ಲೆ ಅಂತಿದ್ದೆ. ಅವ್ವ ಹೇಳಿದ್ರೂ ಕೇಳ್ತಿರಲಿಲ್ಲ. ಕೂಸಿನ್ನ ಕಣ್ಲೆ ಕಂಡ ಮ್ಯಾಲ ಬಿಡಾಕ ಆಗಲಿಲ್ಲ, ಅಷ್ಟ."

ಹಾಗಾದರೆ ಅವತ್ತು ಇಡೀ ದಿನ ಹಲ್ಲು ಕಚ್ಚಿ ನಾನು ತೆರೆಯಲು ಹೆಣಗಿದ್ದು ಈ ಕೂಸಿನ ಬಾಗಿಲು ಮುಚ್ಚಲಿಕ್ಕೆ. ಇನ್ನು ಅರ್ಧ ಗಂಟೆ ಸಿಕ್ಕಿದ್ದರೆ ಮುಚ್ಚಿಯೇಬಿಡುತ್ತಿದ್ದೆ. ಏನಾದರೂ ಹೇಳಬೇಕೆಂದು ತಲೆಯೆತ್ತಿದರೆ, ಬುತ್ತಿ ಹಿಡಿದು ಅಕ್ಕ ನಮ್ಮ ಹಿಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಬುತ್ತಿಯನ್ನು ಅಲ್ಲೇ ಬದುವಿನ ಮೇಲಿಟ್ಟು, ಗಂಡನ ಹೆಗಲಿನಿಂದ ಮಗಳನ್ನು ಇಳಿಸಿಕೊಂಡು ಮನೆಯ ದಾರಿ ಹಿಡಿದಳು. ಮಾಮಾ ಕರೆದರು. ಅವಳು ತಿರುಗಲಿಲ್ಲ. ಹುಡುಗಿ ಮಾತ್ರ ತಾಯಿಯ ಭುಜದ ಮೇಲಿಂದ ಅಪ್ಪನನ್ನೇ ನೋಡುತ್ತ, ಬಾ ಅಂತ ಎರಡೂ ಕೈ ಚಾಚುತ್ತಿದ್ದಳು.