ಅಕ್ಕ ಬಿತ್ತುವ ಹೊಲದ ಹಳೆಯ ಹೆಸರು

ತಾಲ್ಲೂಕು ಕಚೇರಿಗೆ ಬೆಳಿಗ್ಗೆ ಹೋಗಬೇಡಿ. ಬೆಳಿಗ್ಗೆ ಎಲ್ಲರೂ ಹೋಗುತ್ತಾರೆ. ಊಟ ಮುಗಿಸಿದ ಗುಮಾಸ್ತರು ಕುರ್ಚಿಗೆ ಬಂದು ಕೂತ ಹೊತ್ತಿಗೆ ಹೋಗಿ. ಸರ್ವೆ ನಂಬರನ್ನು ಅಂಗೈ ಮೇಲೆ ಬರೆದುಕೊಂಡಿರಿ. ಚೀಟಿ ಕಳೆಯುತ್ತದೆ, ಕೈ ಕಳೆಯುವುದಿಲ್ಲ. ಇಷ್ಟು ಬುದ್ಧಿ ನನಗೆ ಬರಲಿಕ್ಕೆ ಒಂದು ಇಡೀ ಬೇಸಿಗೆ ಹಿಡಿಯಿತು. ಬುದ್ಧಿ ಬಂತು, ಮೊಣಕಾಲು ಹೋದವು.

ನಾನು ವಾಡಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ. ಲಾರಿಗೆ ಕಲ್ಲು ಏರಿಸುವ ಕೂಲಿಯಿಂದ ಸುರು ಮಾಡಿದವನು. ರಾವೂರಿನ ನಮ್ಮ ಹೊಲದ ಗೊಡವೆಗೆ ಹೋದವನೇ ಅಲ್ಲ. ಅಲ್ಲಿ ಅಕ್ಕ ಇದ್ದಾಳೆ. ಮದುವೆಯಾದ ಸ್ವಲ್ಪೇ ದಿನಕ್ಕೆ ಗಂಡನನ್ನು ಕಳಕೊಂಡು ತವರಿಗೆ ಬಂದವಳು. ಆಗ ಅಪ್ಪ ಹಳ್ಳದ ದಂಡೆಯ ಹೊಲ ತೋರಿಸಿ, ಇದರಾಗ ನೀ ಬದುಕು ಅಂದಿದ್ದ. ಅವತ್ತಿನಿಂದ ಆ ಹೊಲದ ತೊಗರಿ, ಜೋಳದ ಮೇಲೆಯೇ ಅವಳ ಜೀವನ. ಅಪ್ಪ ಈಗಿಲ್ಲ. ಅಜ್ಜನಿಗೆ ಅವನೊಬ್ಬನೇ ಮಗ, ಅವನಿಗೆ ಮಕ್ಕಳು ನಾವಿಬ್ಬರೇ.

ಹೋದ ವರ್ಷ ಅವಳು ಹೊಲದ ಬಾವಿಗೆ ಕರೆಂಟಿನ ಮೋಟಾರು ಕೂಡಿಸಲು ಅರ್ಜಿ ಹಾಕಿದಳು. ಪಹಣಿಯಲ್ಲಿ ಈ ಹೊಲ ನಿಮ್ಮ ಮನೆತನದ ಹೆಸರಿನಲ್ಲೇ ಇಲ್ಲವೆಂದು ಅರ್ಜಿ ತಿರುಗಿ ಬಂತು. ಅಲ್ಲಿದ್ದದ್ದು ನಾವು ಕೇಳಿಯೇ ಇರದ ಒಂದು ಹೆಸರು. ಆ ಸೀಮೆಯಲ್ಲಿ ನೆಲದ ಅಡಿಯೆಲ್ಲ ಸುಣ್ಣದ ಕಲ್ಲು. ಖಣಿಯವರು ಅಕ್ಕಪಕ್ಕದ ಹೊಲ ಕೇಳುತ್ತ ತಿರುಗುತ್ತಿದ್ದರು. ಕಾಗದದಲ್ಲಿ ಯಾರ ಹೆಸರು ಇದೆಯೋ ಅವರು ನಾಳೆ ಬಂದು ಮಾರಿಬಿಟ್ಟರೆ ಅಕ್ಕನಿಗೆ ನಿಲ್ಲಲು ನೆಲವಿಲ್ಲ.

“ನನ್ನ ಇಲ್ಲಿಂದ ಎಬ್ಬಸ್ತಾರೇನು?” ಎಂದು ಕೇಳಿದಳು.

ನಾ ಇದ್ದೀನಲ್ಲ ಅಂದೆ. ಕಲ್ಲಿನ ವ್ಯಾಪಾರದಲ್ಲಿ ಇಂಥ ಮಾತು ನೂರು ಸಲ ಆಡಿದ್ದೇನೆ, ಸಲೀಸಾಗಿ ಬಾಯಿಗೆ ಬರುತ್ತದೆ.

ಚಿತ್ತಾಪುರದಲ್ಲಿ ಹಳೆಯ ದಫ್ತರ ಕೇಳಿದರೆ ಸೇಡಂಗೆ ಹೋಗಿ ಅಂದರು. ಸೇಡಂನಲ್ಲಿ ಕೇಳಿದರೆ ಅದು ಚಿತ್ತಾಪುರದಲ್ಲೇ ಇರಬೇಕು ಅಂದರು. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಸಾಹೇಬರಿಲ್ಲ, ಒಂದು ದಿನ ಕೀಲಿ ಇದ್ದವನಿಲ್ಲ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಬಾಯಿ ತೆರೆದು ಮಲಗುವುದನ್ನು ನಾನು ಕಲಿತದ್ದು ಆ ದಿನಗಳಲ್ಲಿ. ಕಡೆಗೊಮ್ಮೆ ನಿಜಾಮರ ಕಾಲದ ಒಂದು ಕಾಗದದ ನಕಲು ಕೈಗೆ ಸಿಕ್ಕಿತು. ಪೂರಾ ಉರ್ದು. ಶಹಾಬಾದಿನ ಒಬ್ಬ ನಿವೃತ್ತ ಉರ್ದು ಮಾಸ್ತರರ ಹತ್ತಿರ ಒಯ್ದೆ. ಬರೆದವನ ಕೈ ಮುರೀಲಿ ಎಂದು ಬೈಯುತ್ತಲೇ ಓದಿದರು. ಆಗಲೂ ಅದೇ ಹೆಸರು. ಆ ಹೆಸರಿನವನ ಊರು ಮಾತ್ರ ಚಿಂಚೋಳಿ ತಾಲ್ಲೂಕಿನ ಚಂದಾಪುರ ಎಂದಿತ್ತು. ನಮ್ಮ ಮನೆತನದ ಸುಳಿವೇ ಇರಲಿಲ್ಲ.

ಅಂದರೆ ಹೊಲ ಎಂದೂ ನಮ್ಮದಾಗಿರಲಿಲ್ಲ. ಇದನ್ನು ಅಕ್ಕನಿಗೆ ಹೆಂಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋದೆ. ಚಂದಾಪುರ ಎಂದದ್ದೇ ತಡ, ಅವಳು ತೊಗರಿ ಕೇರುವುದನ್ನು ನಿಲ್ಲಿಸಿದಳು.

“ಅಜ್ಜ ಇದ್ದಾಗ ಆ ಹೊಲದಾಗ ಪಾಂಡವರನ್ನ ಯಾರು ಇಡತಿದ್ರು, ನೆಪ್ಪದನ ನಿನಗ?”

ಎಳ್ಳಮಾಸಿಯ ದಿನ, ಅಂದರೆ ಎಳ್ಳ ಅಮಾವಾಸ್ಯೆಗೆ, ನಮ್ಮ ಕಡೆ ಮನೆಯವರೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಇಟ್ಟು ಪೂಜಿಸಿ, ಭಜ್ಜಿ ರೊಟ್ಟಿ ಎಡೆ ಮಾಡಿ, ಆ ಎಡೆಯನ್ನೇ ಹೊಲದ ಸುತ್ತ ಚರಗವೆಂದು ಚೆಲ್ಲುತ್ತಾರೆ. ಆ ಐದು ಕಲ್ಲು ಇಡುವವರು ಹೊಲದ ಒಡೆಯರೇ. ಬಿತ್ತುವವನು ಬೇರೆ ಇರಬಹುದು, ಕಲ್ಲು ಇಡುವವನು ಬೇರೆ ಇರಲಿಕ್ಕಿಲ್ಲ.

ಆಗ ನನಗೂ ನೆನಪಾಯಿತು. ಹಿಂದಿನ ದಿನವೇ ಒಂದು ಬಂಡಿ ಬರುತ್ತಿತ್ತು, ಅದು ಚಂದಾಪುರದ್ದು ಅಂದಳು ಅಕ್ಕ. ಅವರು ರಾತ್ರಿ ನಮ್ಮ ಮನೆಯಲ್ಲಿ ಮಲಗಿ, ಬೆಳಿಗ್ಗೆ ಹಳ್ಳದ ಹೊಲದಲ್ಲಿ ಐದು ಕಲ್ಲು ಇಟ್ಟು, ಅವ್ವ ಬಡಿಸಿದ ಕಡುಬು ಉಂಡು ಹೋಗುತ್ತಿದ್ದರು. ನಾನು ಅವರನ್ನು ಬೀಗರೆಂದೇ ತಿಳಿದಿದ್ದೆ.

“ಮತ್ತ ಅಜ್ಜ?” ಅಂದಳು ಅಕ್ಕ. “ಎಳ್ಳಮಾಸಿ ದಿನ ಅಜ್ಜ ಎಂದರ ಮನ್ಯಾಗ ಇರತಿದ್ದನ?”

ಇರುತ್ತಿರಲಿಲ್ಲ. ಊರಿಗೆ ಊರೇ ಹೊಲದಲ್ಲಿರುವ ದಿನ ಅವನೊಬ್ಬ ಬಂಡಿ ಹೂಡಿಕೊಂಡು ಎಲ್ಲಿಗೋ ಹೋಗಿರುತ್ತಿದ್ದ. ಅಜ್ಜ ಸತ್ತ ಮೇಲೆ ಆ ಬಂಡಿಯವರು ಬರುವುದೂ ನಿಂತಿತು. ಆಮೇಲೆ ಹೊಲ ತನ್ನ ಪಾಲಿಗೆ ಬಂದಾಗ ಕಲ್ಲು ತಾನೇ ಇಟ್ಟೆ ಅಂದಳು ಅಕ್ಕ.

ಮರುದಿನವೇ ಚಿಂಚೋಳಿ ಬಸ್ಸು ಹತ್ತಿದೆ. ಅಲ್ಲಿಯ ಕಚೇರಿಯಲ್ಲಿ ಚಂದಾಪುರದ ಹೊಲಗಳ ಹಳೆಯ ಪಹಣಿ ತೆಗೆಸಿದೆ. ಅವುಗಳಲ್ಲಿ ಒಂದು ನನ್ನ ಅಜ್ಜಿಯ ಹೆಸರಿನಲ್ಲಿತ್ತು. ಅವಳ ತವರಿನವರು ಮದುವೆಯಲ್ಲಿ ಕೊಟ್ಟ ಹೊಲ. ಈಗ ರಸ್ತೆಗೆ ಹತ್ತಿದ, ಬೆಲೆ ಬಂದ ಜಾಗ. ಉಳುವವರ ಕಾಲಮಿನಲ್ಲಿ ಮಾತ್ರ ರಾವೂರಿನ ಪಹಣಿಯಲ್ಲಿದ್ದ ಅದೇ ಮನೆತನ, ಆ ಬಂಡಿಯವರದು.

ಅಂದರೆ ಅವರ ಹೊಲ ನಮ್ಮ ಕೈಯಲ್ಲಿ, ನಮ್ಮ ಹೊಲ ಅವರ ಕೈಯಲ್ಲಿ. ಬಹಳ ದಿನದ ಮೇಲೆ ನನ್ನ ದಣಿವು ಇಳಿಯಿತು. ಇದು ನನಗೆ ಗೊತ್ತಿರುವ ಕೆಲಸ. ರಸ್ತೆಯ ಹೊಲದ ಕಾಗದ ಜೇಬಿನಲ್ಲಿಟ್ಟುಕೊಂಡು, ಮೊದಲು ಮಳೆ, ಆಮೇಲೆ ತೊಗರಿ, ಕಡೆಗೆ ವಿಷಯ ಎಂದು ಹಂಚಿಕೆ ಹಾಕಿಕೊಂಡು ಅವರ ಮನೆಗೆ ಹೋದೆ.

ಮನೆಯ ಹಿರಿಯ ಕಟ್ಟೆಯ ಮೇಲೆ ಕೂತಿದ್ದ. ಕುಂದ್ರಿ ಅಂದ. ಯಾರ ಮಂದಿ ಎಂದು ಕೇಳಿದ. ಹೇಳಿದೆ. ಮಳೆಗೂ ತೊಗರಿಗೂ ಅವನು ಎಡೆಯೇ ಕೊಡಲಿಲ್ಲ.

“ಈಗ ಬಂದ್ರಾ? ನಿಮ್ಮ ಅಜ್ಜ ಹೋದ ಮ್ಯಾಲ ನಿಮ್ಮಪ್ಪ ಬರತಾನಂತ ನಾವು ಇಲ್ಲಿ ನಿಮ್ಮ ಹೊಲದಾಗ ಒಂದೆರಡು ವರ್ಷ ಪಾಂಡವರನ್ನ ಇಡಲಾರದ ಬಿಟ್ಟಿದ್ವಿ. ಬರಲಿಲ್ಲ. ನಮ್ಮ ಮುದುಕರಿಗೂ ಸಿಟ್ಟು ಬಂತು, ಅವ್ರೂ ನಿಮ್ಮ ಕಡಿ ಬರೋದು ಬಿಟ್ರು. ಏನು ಉದ್ಯೋಗ ನಿಮ್ದು?”

ಫರಸಿ ಕಲ್ಲಿನ ವ್ಯಾಪಾರ ಅಂದೆ.

“ಲಾರಿಗಟ್ಟಲೆ ಕಲ್ಲು ಮಾರತೀರಿ, ವರ್ಷಕ್ಕೊಮ್ಮಿ ಐದು ಕಲ್ಲು ಇಡಲಿಕ್ಕ ಆಗಲಿಲ್ಲ,” ಎಂದು ನಕ್ಕ. ಒಳಗಿನಿಂದ ಯಾರೋ ಹೆಣ್ಣುಮಗಳೂ ನಕ್ಕಳು.

ಅವನು ಹೇಳಿದ್ದು ಇಷ್ಟು. ಅವನ ಅಜ್ಜನಿಗೆ ಹೆಂಡತಿಯ ಕಡೆಯಿಂದ ರಾವೂರಿನ ಹೊಲ ಬಂದಿತ್ತು, ನಮ್ಮ ಅಜ್ಜಿಗೆ ಇಲ್ಲಿಯದು. ಇಬ್ಬರಿಗೂ ಹೊಲ ದೂರ. ಇಬ್ಬರು ಗಂಡಸರು ಒಂದು ಸಂತೆಯಲ್ಲಿ ಕೂತು, ನೀ ನಂದು ಉಳು, ನಾ ನಿಂದು ಉಳತೀನಿ ಎಂದು ಬದಲಿ ಮಾಡಿಕೊಂಡರು. ಬೆಳೆ ಬದಲಿ, ಪಾಂಡವರು ಬದಲಿ ಇಲ್ಲ. ಕಲ್ಲು ಇಡುವುದು ನಡೆದಿರುವ ತನಕ ಯಾವ ಹೊಲ ಯಾರದು ಎಂದು ಎರಡೂ ಊರಿಗೆ ಗೊತ್ತಿತ್ತು, ಕಾಗದ ಯಾರಿಗೂ ಬೇಕಾಗಲಿಲ್ಲ.

ನಾನು ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಅವನೇ ಹೇಳಿದ: ಅವನ ಮಕ್ಕಳೂ ಪಹಣಿಯಲ್ಲಿ ಯಾವಳೋ ಹೆಣ್ಣುಮಗಳ ಹೆಸರು ನೋಡಿ ನಿದ್ದೆಗೆಟ್ಟಿದ್ದರಂತೆ. ಅದಲು ಬದಲು ಪತ್ರ ಮಾಡಿಸಿಬಿಡೋಣ ಅಂದ. ಇಷ್ಟು ಸಲೀಸಾಗಿ ಒಪ್ಪಿದವನ ಹತ್ತಿರ ಚೌಕಾಸಿ ಮಾಡಲು ಏನೂ ಉಳಿಯುವುದಿಲ್ಲ. ಚಹಾ ಕುಡಿದು ಎದ್ದೆ.

ರಾವೂರಿಗೆ ಬಂದು ಅಕ್ಕನಿಗೆ ಕೆಲಸ ಆತು ಅಂದೆ. ಅವಳು ಕೇಳಿದಳು, ಹೊಸ ಕಾಗದ ಯಾರ ಹೆಸರಿನಲ್ಲಿ ಆಗುತ್ತದೆ? ವಾರಸುದಾರರಲ್ಲವೇ, ನಂದು ನಿಂದು ಇಬ್ಬರದೂ, ಮುಂದೆ ನನ್ನ ಮಕ್ಕಳೂ ಇದ್ದಾರಲ್ಲ, ಎಂದು ನಾನು ಹಿಸಾಬು ಬಿಡಿಸಿ ಹೇಳತೊಡಗಿದೆ. ತಪ್ಪು ಹಿಸಾಬೇನಲ್ಲ, ಕಾಯದೆ ಹಾಗೇ ಇದೆ. ಅವಳು ಪೂರಾ ಕೇಳಿಸಿಕೊಂಡಳು.

“ಹಂಗಾದ್ರ ಆ ಚಂದಾಪುರದ ಹೆಸರೇ ಛಲೋ ಇತ್ತು ಬಿಡು. ಅವ್ರು ನನ್ನ ಹತ್ರ ಒಮ್ಮಿಯೂ ಪಾಲು ಕೇಳಿರಲಿಲ್ಲ. ನೀ ಇವತ್ತ ಕೇಳಲಿಕತ್ತಿ. ನಾಳಿಗಿ ನಿನ್ನ ಮಕ್ಕಳು ಕೇಳತಾರ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಮೊರ ಎತ್ತಿಕೊಂಡು ಮತ್ತೆ ತೊಗರಿ ಕೇರಿದಳು. ನಾನು ಅಂಗಳದಲ್ಲಿ ಕೂತೆ. ಅಜ್ಜಿಯ ಹೊಲ ಗಂಡಸರ ಮಾತಿನಲ್ಲಿ ಬದಲಾಗಿತ್ತು. ಅದರ ಬದಲಿಗೆ ಬಂದ ಹೊಲವನ್ನು ಈಗ ನಾನು ಪಾಲು ಹಾಕುತ್ತಿದ್ದೆ. ಕಾಯದೆ ನನ್ನ ಕಡೆ ಇತ್ತು, ಆದರೆ ಎದ್ದು ಅವಳೆದುರು ವಾದ ಮಾಡುವ ಕಸುವು ನನ್ನಲ್ಲಿ ಇರಲಿಲ್ಲ.

ತವರಿಗೆ ಬಂದ ಅಕ್ಕತಂಗಿಯರಿಗೆ ನೆಲ ತೋರಿಸಿ ಬದುಕು ಎಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ತೋರಿಸಿದ ವರ್ಷವೇ ಬರೆದುಕೊಡಿ. ಆಮೇಲೆ ಕೊಡುವುದು ಭಾಳ ಭಾರ.

ಚಿತ್ತಾಪುರದ ನೋಂದಣಿ ಕಚೇರಿಗೆ ಚಂದಾಪುರದ ಆ ಹಿರಿಯ ತನ್ನ ಮಗನ ಜೀಪಿನಲ್ಲಿ ಬಂದ. ನಾನು ಅಕ್ಕನನ್ನು ಕರೆತಂದೆ. ಮೊದಲು ನಾನು ಅಜ್ಜಿಯ ಹೊಲದಲ್ಲಿ ನನ್ನ ಹಕ್ಕನ್ನು ಅಕ್ಕನಿಗೆ ಬಿಟ್ಟುಕೊಡುವ ಪತ್ರ ಬರೆಸಲು ಕೂತೆ. ಬರೆಯುವವನು ನನ್ನ ಮುಖವನ್ನೇ ನೋಡಿ, ಖರೇನಾ ಯಜಮಾನ್ರ ಎಂದು ಕೇಳಿದ. ಖರೆ, ಬರಿ ಅಂದೆ. ಬರೆದದ್ದಕ್ಕೆ ರುಜು ಹಾಕಿದೆ.

ಆಮೇಲೆ ಅದಲು ಬದಲು ಪತ್ರಕ್ಕೆ ಅಕ್ಕನನ್ನೂ ಆ ಹಿರಿಯನನ್ನೂ ಒಳಗೆ ಕರೆದರು. ನಾನೂ ಎದ್ದು ಹಿಂದೆ ಹೊರಟೆ. ಬಾಗಿಲಲ್ಲಿದ್ದ ಜವಾನ ಕೈ ಅಡ್ಡ ಹಿಡಿದ.

“ನೀವು ಇದರಾಗ ಬರೋದಿಲ್ರಿ. ಹೊರಗ ಕುಂದ್ರಿ.”

ಅಕ್ಕ ತಿರುಗಿ ನೋಡಲಿಲ್ಲ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾನು ಗೋಡೆಗೆ ಹತ್ತಿದ ಬೆಂಚಿನ ಮೇಲೆ ಕೂತು ಕಾಲು ಚಾಚಿದೆ.