ನನ್ನ ಗ್ರಾಫಿಕ್ಸ್ ಕಾರ್ಡು

ಮಗಳ ಪಿಯುಸಿ ಓದಿಗೆಂದು ನಮ್ಮ ಜಯಲಕ್ಷ್ಮಿಪುರಂ ಮನೆಗೆ ಕಂಪ್ಯೂಟರ್ ಬಂದಾಗ ನನಗೆ ನಲವತ್ತಮೂರು ವರ್ಷ. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷಗಳಾಗಿದ್ದವು. ಮಗಳು ಅದರಲ್ಲಿ ಒಂದೆರಡು ಪ್ರಾಜೆಕ್ಟ್ ಟೈಪ್ ಮಾಡಿದಳು, ಸ್ವಲ್ಪ ದಿನ ಹಾಡು ಕೇಳಿದಳು, ಆಮೇಲೆ ಅವಳಿಗೆ ಬೇಜಾರಾಯಿತು. ಬೇಜಾರಾಗದೆ ಉಳಿದವಳು ನಾನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸಂಜೆ ನಾಲ್ಕೂವರೆಗೆ ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಕಾರ್ ರೇಸಿನ ಆಟಕ್ಕೆ ಕೂರುತ್ತಿದ್ದೆ. ಐದೂವರೆಗೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಆ ಒಂದು ಗಂಟೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವಂತಿರಲಿಲ್ಲ.

ಮೊದಲಿಗೆ ಇದಕ್ಕೆ ಯಾರ ತಕರಾರೂ ಇರಲಿಲ್ಲ. ಏನೋ ಹೊಸ ಸಾಮಾನು, ನಾಲ್ಕು ದಿನದ ಹುಚ್ಚು ಎಂದುಕೊಂಡಿದ್ದರು. ತಾಪತ್ರಯ ಶುರುವಾದದ್ದು ನಾನು ಎರಡನೆಯ ಆಟದ ಸಿ.ಡಿ. ತಂದಾಗ. ಅದರ ಡಬ್ಬಿಯ ಮೇಲೆ ಮಳೆಯಲ್ಲಿ ಮಿಂಚುವ ರಸ್ತೆ, ಕಾರಿನ ಗಾಜಿನ ಮೇಲೆ ಹನಿಗಳು. ನಮ್ಮ ಕಂಪ್ಯೂಟರಿನಲ್ಲಿ ಹಾಕಿದರೆ ಕಾರು ಒಂದು ಕಡೆ ನಿಂತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತಿತ್ತು. ಮಧ್ಯದ ರಸ್ತೆ ಏನಾಯಿತೋ ತಿಳಿಯದು. ತಿರುವು ಬಂದದ್ದು ಗೊತ್ತಾಗುವಷ್ಟರಲ್ಲಿ ಗೋಡೆಗೆ ಗುದ್ದಿರುತ್ತಿದ್ದೆ. ಡಬ್ಬಿಯ ಹಿಂಬದಿ ಓದಿದಾಗ ತಿಳಿಯಿತು, ಇದಕ್ಕೆ ಬೇರೆಯೇ ಗ್ರಾಫಿಕ್ಸ್ ಕಾರ್ಡು ಬೇಕು.

ಭಾನುವಾರ ತಿಂಡಿಯ ಹೊತ್ತಿಗೆ ವಿಷಯ ಎತ್ತಿದೆ. ಯಾದವಗಿರಿಯಿಂದ ನಮ್ಮ ಯಜಮಾನರ ಅಕ್ಕ ಬಂದಿದ್ದರು.

"ಎಂಥ ಕಾರ್ಡು ಅದು?" ಅಂದರು ಯಜಮಾನರು.

"ಚಿತ್ರ ಬಿಡಿಸೋ ಕೆಲಸಾನ ಪೂರ್ತಿ ಅದೇ ಮಾಡುತ್ತೆ ಕಣ್ರೀ. ಈಗ ಅದಿಲ್ದೆ ಆಟ ತಡವರಿಸ್ತಿದೆ."

ಅತ್ತಿಗೆ ಇಡ್ಲಿ ಮುರಿಯುವುದನ್ನು ನಿಲ್ಲಿಸಿದರು. "ಮಗು ಓದ್ಲಿ ಅಂತ ತಂದಿದ್ದಲ್ವೇನೇ ಅದನ್ನ? ಈ ವಯಸ್ಸಲ್ಲಿ ನೀನು ಕಾರು ಓಡಿಸ್ಕೊಂಡು ಕೂತ್ರೆ ನೋಡ್ದೋರು ಏನಂತಾರೆ?"

"ನೋಡ್ದೋರು ಪಕ್ಕದಲ್ಲಿ ಕೂತ್ಕೊಳ್ಳಿ ಅತ್ತಿಗೆ. ಅವರಿಗೂ ಒಂದು ಆಟ ಕೊಡ್ತೀನಿ."

ಮಗಳು ತಟ್ಟೆಗೆ ಮುಖ ಬಗ್ಗಿಸಿ ನಕ್ಕಳು. ಅತ್ತಿಗೆ ನಗಲಿಲ್ಲ. ಅವರು ಹೋದಮೇಲೆ ಯಜಮಾನರು ಮೆಲ್ಲಗೆ ಹೇಳಿದರು, "ನಾನೇನು ಬೇಡ ಅನ್ನಲ್ಲ. ನಿನ್ನ ಸಂಬಳ, ತಗೋ. ಆದ್ರೆ ಯಾರಾದ್ರೂ ಕೇಳಿದ್ರೆ ಮಗಳಿಗೆ ಅಂತ ಹೇಳ್ಬುಡು. ಅಷ್ಟೇ."

ಬೇಡ ಅಂದಿದ್ದರೆ ಜಗಳವಾಡಿ ಮರೆಯುತ್ತಿದ್ದೆನೇನೋ. ಆ 'ಅಷ್ಟೇ' ನನ್ನನ್ನು ಚುಚ್ಚಿತು. ಇವರು ಸಂಜೆ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡಿ ಬರುತ್ತಿದ್ದರು. ಅದನ್ನು ಮಗಳ ಓದಿಗೆ ಅಂತ ಯಾರಿಗೂ ಹೇಳಿದ್ದು ನಾನು ಕೇಳಿರಲಿಲ್ಲ.

"ಹೇಳಲ್ಲ," ಅಂದೆ. "ಆಟ ಆಡೋಕೆ ಅಂತಾನೇ ಹೇಳ್ತೀನಿ."

ಅಂಗಡಿಗೆ ಹೋಗಿ ಪೆಚ್ಚಾಗಿ ನಿಲ್ಲಬಾರದು ಎಂದು ಮೊದಲು ಓದಿಕೊಂಡೆ. ಮಂಡಿ ಮೊಹಲ್ಲಾದ ಹಳೇ ಪೇಪರ್ ಅಂಗಡಿಯಲ್ಲಿ ಕಂಪ್ಯೂಟರ್ ಪತ್ರಿಕೆಗಳ ಒಂದು ಕಟ್ಟು ತೂಕಕ್ಕೆ ಸಿಕ್ಕಿತು. ಎರಡು ವಾರ ಅವನ್ನೇ ಓದಿದೆ. ಅರ್ಧ ಅರ್ಥವಾಗಲಿಲ್ಲ. ಆದರೆ ಒಂದು ಸಂಗತಿ ಚೆನ್ನಾಗಿ ಹೊಕ್ಕಿತು. ಎಲ್ಲರೂ ಕಾರ್ಡಿನಲ್ಲಿ ಮೆಮೊರಿ ಎಷ್ಟಿದೆ ಎಂದು ಮಾತ್ರ ಕೇಳುತ್ತಾರೆ. ಆ ಮೆಮೊರಿಗೆ ಹೋಗಿಬರುವ ದಾರಿ ಎಷ್ಟು ಅಗಲ ಎಂದು ಕೇಳುವುದಿಲ್ಲ. ತೊಟ್ಟಿ ಮತ್ತು ನಲ್ಲಿಯ ಲೆಕ್ಕಗಳನ್ನು ಇಪ್ಪತ್ತು ವರ್ಷ ಮಕ್ಕಳಿಗೆ ಮಾಡಿಸಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಟ್ಟಿ ಎಷ್ಟು ದೊಡ್ಡದಾದರೇನು, ನಲ್ಲಿ ಸಣ್ಣದಾದರೆ ನೀರು ಬರುವುದು ನಿಧಾನವೇ. ಒಂದೇ ಹೆಸರಿನ ಕಾರ್ಡಿನಲ್ಲೇ ಅಗಲ ದಾರಿಯದು, ಕಿರಿದಾದ ದಾರಿಯದು ಎಂದು ಎರಡು ಬಗೆ ಬರುತ್ತಿದ್ದವು. ಯಾವುದು ಬೇಕು ಎಂದು ಚೀಟಿಯಲ್ಲಿ ಬರೆದುಕೊಂಡೆ.

ಕಾಳಿದಾಸ ರಸ್ತೆಯ ಕಡೆಯ ಒಂದು ಅಂಗಡಿಗೆ ಶನಿವಾರ ಮಧ್ಯಾಹ್ನ ಸ್ಕೂಲಿನಿಂದ ನೇರ ಹೋದೆ. ಅಂಗಡಿಯವರಿಗೆ ಮೂವತ್ತೈದು ಇದ್ದಿರಬಹುದು. ಕುರ್ಚಿ ಕೊಟ್ಟು, ವಿನಯವಾಗಿ ಕೇಳಿದರು, "ಮಗ ಎಷ್ಟನೇ ಕ್ಲಾಸು ಮೇಡಂ?"

"ನನಗೆ ಮಗ ಇಲ್ಲ. ಮಗಳು ಇದಾಳೆ, ಅವಳು ಆಡಲ್ಲ. ಕಾರ್ಡು ನನಗೆ."

ಅವರು ಒಮ್ಮೆ ನನ್ನ ಮುಖವನ್ನೂ ಹೆಗಲ ಮೇಲಿದ್ದ ಬ್ಯಾಗನ್ನೂ ನೋಡಿದರು. ನಾನು ಚೀಟಿ ಮುಂದೆ ಇಟ್ಟೆ. ಓದಿ, "ಇದೇ ಕೊಡ್ತೀನಿ ಬುಡಿ," ಎಂದು ಒಳಗಿನಿಂದ ಒಂದು ಡಬ್ಬಿ ತಂದರು. ಡಬ್ಬಿಯ ಮೇಲೆ ಹೆಸರು ಸರಿಯಿತ್ತು, ಅರವತ್ತನಾಲ್ಕು ಎಂ.ಬಿ. ಎಂದೂ ಇತ್ತು. ತೆಗೆದುಕೊಂಡು ಬಂದೆ.

ಮನೆಯಲ್ಲಿ ಕಾರ್ಡನ್ನು ಡಬ್ಬಿಯಿಂದ ತೆಗೆದಾಗ ಅನುಮಾನ ಬಂತು. ಪತ್ರಿಕೆಯ ಚಿತ್ರದಲ್ಲಿ ಮೆಮೊರಿಯ ಕಪ್ಪು ಚಿಪ್ಪುಗಳು ಮುಂದೆ ನಾಲ್ಕು, ಹಿಂದೆ ನಾಲ್ಕು ಇದ್ದವು. ಇದರಲ್ಲಿ ಮುಂದೆ ನಾಲ್ಕು, ಹಿಂದೆ ಬೋಳು. ಚಿಪ್ಪು ಅರ್ಧವಾದರೆ ದಾರಿಯ ಅಗಲವೂ ಅರ್ಧ ಎಂದು ಪತ್ರಿಕೆಯಲ್ಲಿ ಓದಿದ್ದೆ. ಕಂಪ್ಯೂಟರಿಗೆ ಹಾಕದೆ ಹಾಗೇ ಡಬ್ಬಿಗೆ ಸೇರಿಸಿಟ್ಟೆ. ಸೋಮವಾರ ಸಂಜೆ ಆಟದ ಸಿ.ಡಿ.ಯನ್ನೂ ಬ್ಯಾಗಿಗೆ ಹಾಕಿಕೊಂಡು ಮತ್ತೆ ಹೋದೆ. ಮಗಳು ತಾನೂ ಬರುತ್ತೇನೆಂದಳು.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. "ಇದು ನಾನು ಕೇಳಿದ್ದಲ್ಲ," ಅಂದೆ.

"ಅದೇ ಮೇಡಂ ಇದು. ಹೆಸರು ನೋಡಿ."

"ಹೆಸರು ಸರಿ ಇದೆ. ಚಿಪ್ಪು ಎಂಟು ಇರಬೇಕು, ನಾಲ್ಕಿದೆ."

"ಕಂಪನಿಯವರು ಈಗ ಹಂಗೇ ಮಾಡ್ತಾವ್ರೆ. ಓಡೋದ್ರಲ್ಲಿ ಏನೂ ವ್ಯತ್ಯಾಸ ಇಲ್ಲ. ಇವೆಲ್ಲ ಟೆಕ್ನಿಕಲ್ಲು, ನಿಮಗೆ ಹೇಳಿದ್ರೆ ಗೊತ್ತಾಗಲ್ಲ ಮೇಡಂ. ಸಾರ್‌ನ ಕಳಿಸಿ, ನಾನು ಅವರ ಹತ್ರ ಮಾತಾಡ್ತೀನಿ."

ನಮ್ಮ ಯಜಮಾನರಿಗೆ ಆ ಕಂಪ್ಯೂಟರನ್ನು ಆಫ್ ಮಾಡಲೂ ಬರುತ್ತಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು, ಆದರೆ ದನಿ ಏರಿಸಲಿಲ್ಲ. ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನವರ ಹತ್ತಿರ ದನಿ ಏರಿಸಿದರೆ ಕೆಲಸ ಕೆಡುತ್ತದೆಂದು ನನಗೆ ಗೊತ್ತಿತ್ತು.

"ಸಾರ್ ಬರಲ್ಲ. ಎಂಟು ಚಿಪ್ಪಿನದು ನಿಮ್ಮ ಹತ್ರ ಇದೆಯಾ ಇಲ್ವಾ?"

"ಒಂದು ಇರಬೌದು."

"ವ್ಯತ್ಯಾಸ ಇಲ್ಲ ಅಂದ್ರಲ್ಲ. ಎರಡನ್ನೂ ಇಲ್ಲೇ ಹಾಕಿ ತೋರಿಸಿ. ಸಿ.ಡಿ. ನಾನೇ ತಂದಿದೀನಿ. ವ್ಯತ್ಯಾಸ ಕಾಣದಿದ್ರೆ ಇದನ್ನೇ ತಗೊಂಡು ಹೋಗ್ತೀನಿ."

ಅವರು ಗಡಿಯಾರ ನೋಡಿದರು, ಗಿರಾಕಿಗಳನ್ನು ನೋಡಿದರು. ಕನ್ನಡಕದ ಒಬ್ಬ ಹಿರಿಯರು, "ಹಾಕಿ ತೋರ್ಸಿ ಸ್ವಾಮಿ, ನಾವೂ ನೋಡ್ತೀವಿ," ಎಂದರು. ಬೇರೆ ದಾರಿ ಇರಲಿಲ್ಲ. ಮೇಜಿನ ಮೇಲಿದ್ದ ಕಂಪ್ಯೂಟರಿಗೆ ನಾಲ್ಕು ಚಿಪ್ಪಿನ ಕಾರ್ಡು ಹಾಕಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕುಳಿತೆ.

ಮಳೆಯ ಟ್ರ್ಯಾಕನ್ನೇ ಆರಿಸಿಕೊಂಡೆ. ಬೆನ್ನ ಹಿಂದೆ ಅಷ್ಟೂ ಜನ ನಿಂತಿದ್ದರು. ಕಾರು ನಮ್ಮ ಮನೆಯಲ್ಲಿದ್ದಷ್ಟು ಕೆಟ್ಟದಾಗಿ ಓಡಲಿಲ್ಲ ನಿಜ. ಆದರೆ ಮುಂದಿನ ಕಾರುಗಳ ಹತ್ತಿರ ಹೋಗಿ ನೀರು ಚಿಮ್ಮತೊಡಗಿದಾಗ ಚಿತ್ರ ಮುಗ್ಗರಿಸಿತು. ನಾನು ಕಂಬಕ್ಕೆ ಹೊಡೆದೆ. ಯಾರೋ ನಕ್ಕರು.

ಎಂಟು ಚಿಪ್ಪಿನ ಕಾರ್ಡು ಬದಲಾಯಿಸಿ ಹಾಕಿ, ಬೇಕಾದ ಸಾಫ್ಟ್‌ವೇರ್ ಏರಿಸುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಯಾರೂ ಕದಲಲಿಲ್ಲ. ಅದೇ ಟ್ರ್ಯಾಕು, ಅದೇ ಕಾರು. ಈ ಸಲ ನೀರು ಚಿಮ್ಮಿದರೂ ರಸ್ತೆ ತಪ್ಪಲಿಲ್ಲ. ಹನಿಗಳು ಗಾಜಿನ ಮೇಲೆ ಹರಿದು ಹೋಗುವುದು ಒಂದೊಂದಾಗಿ ಕಂಡಿತು. ಒಂದು, ಎರಡು, ಮೂರು ಕಾರು ಹಿಂದೆ ಹಾಕಿದೆ. ಗೆಲ್ಲಲಿಲ್ಲ, ಎರಡನೆಯವಳಾಗಿ ಬಂದೆ.

"ವ್ಯತ್ಯಾಸ ಇದೆ ಕಣ್ರೀ," ಅಂದರು ಕನ್ನಡಕದವರು. "ನನ್ನಂಥ ಕುರುಡನಿಗೇ ಕಾಣ್ತು."

ಅಂಗಡಿಯವರು ಕ್ಷಮೆ ಕೇಳಲಿಲ್ಲ. ಎಂಟು ಚಿಪ್ಪಿನದನ್ನು ಬಿಚ್ಚಿ ಡಬ್ಬಿಗೆ ಹಾಕಿದರು. ನಾನು ಡಬ್ಬಿ ತೆಗೆದು ಕಾರ್ಡನ್ನು ಮುಂದೆ ಹಿಂದೆ ತಿರುಗಿಸಿ ಚಿಪ್ಪುಗಳನ್ನು ಮತ್ತೊಮ್ಮೆ ಎಣಿಸಿದೆ. ಅವರ ಮುಖ ಕೆಂಪಾಯಿತು. ಆಗಲಿ ಅನ್ನಿಸಿತು. "ಮನೇಗೆ ಬಂದು ಹಾಕ್ಕೊಡ್ಲಾ ಮೇಡಂ?" ಎಂದು ಕೇಳಿದರು. "ಬೇಡ, ಈಗ ನೋಡಿ ಕಲಿತೆ," ಅಂದೆ.

ಮನೆಯಲ್ಲಿ ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚಿದ್ದೂ ಕಾರ್ಡು ಒತ್ತಿ ಕೂರಿಸಿದ್ದೂ ನಾನೇ. ಮಗಳು ಟಾರ್ಚ್ ಹಿಡಿದಿದ್ದಳು. "ಅಮ್ಮ, ಅಂಗಡೀಲಿ ನಿನಗೆ ಭಯ ಆಗ್ಲಿಲ್ವಾ?" ಎಂದು ಕೇಳಿದಳು.

"ಆಯ್ತು. ಎರಡರಲ್ಲೂ ಒಂದೇ ಥರ ಓಡಿಬಿಟ್ರೆ ಏನು ಮಾಡೋದು ಅಂತ ಆಯ್ತು."

ಮಾರನೆಯ ವಾರ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಮೇಡಂ, "ಮನೇಗೆ ಏನೋ ಕಂಪ್ಯೂಟರ್ ಸಾಮಾನು ತಗೊಂಡ್ರಂತೆ, ಮಗಳಿಗಾ?" ಎಂದರು. "ಅಲ್ಲ, ನನಗೆ. ಕಾರ್ ರೇಸ್ ಆಡ್ತೀನಿ," ಅಂದೆ. ಅವರು ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರು, ನಾನೂ ನನ್ನದನ್ನು ಬಿಚ್ಚಿದೆ.

ಯಜಮಾನರು ಮಾತ್ರ ಬದಲಾಗಲಿಲ್ಲ. ಮನೆಗೆ ಯಾರು ಬಂದರೂ ಹಾಲಿನಲ್ಲಿ ಕೂರಿಸಿ, ಒಳಗಿನಿಂದ ಬರುವ ಎಂಜಿನ್ ಸದ್ದಿಗೆ, "ಮಗಳು ಏನೋ ಮಾಡ್ತಿದಾಳೆ," ಎನ್ನುತ್ತಿದ್ದರು. ಮಗಳು ಹಾಸ್ಟೆಲಿಗೆ ಹೋದಮೇಲೂ ಒಂದೆರಡು ಸಲ ಹಾಗೇ ಹೇಳಿದರು. ಪ್ರತಿ ಸಲವೂ ನಾನು ಒಳಗಿನಿಂದಲೇ ಕೂಗಿ ಹೇಳುತ್ತಿದ್ದೆ, "ನಾನು ಕಣ್ರೀ. ಇನ್ನೆರಡು ಸುತ್ತು ಇದೆ, ಬಂದೆ."