ಬೋರ್ಡಿನ ಎತ್ತಿಗೊಂದು ಸುಳಿ

ಎತ್ತಿನ ಹಿಂಭಾಗವನ್ನು ನಾನು ಯಾವತ್ತೂ ಸರಿಯಾಗಿ ನೋಡಿದವನಲ್ಲ. ಪಾಂಡವಪುರದಲ್ಲಿ ಹುಟ್ಟಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಹೀಗೆ ಒಪ್ಪಿಕೊಳ್ಳುವುದು ನಾಚಿಕೆಗೇಡು. ಬೋರ್ಡಿನ ಮೇಲೆ ನಾನು ಬರೆದ ಎತ್ತುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಾಗಮಂಗಲ ದಾಟೀತು. ಆದರೆ ಮುಖ, ಕೊಂಬು, ಡುಬ್ಬ ಇಷ್ಟು ಚೆನ್ನಾಗಿ ಬಂದರೆ ಮಿಕ್ಕದ್ದು ತಾನೇ ಬರುತ್ತದೆ ಅನ್ನುವುದು ನನ್ನ ಸಿದ್ಧಾಂತ. ಆ ಸಿದ್ಧಾಂತ ನನ್ನ ತಂಗಿಯ ಅಂಗಡಿಯನ್ನು ಇನ್ನೇನು ಮುಳುಗಿಸುವುದರಲ್ಲಿತ್ತು.

ತಂಗಿ ಸಾವಿತ್ರಿಯನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಿದೆ. ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಉಳಿಸಿದ್ದನ್ನೆಲ್ಲ ಸುರಿದು ಕೆ.ಆರ್. ಪೇಟೆಯಲ್ಲಿ ಅಂಗಡಿ ತೆರೆದಳು. ದನಗಳ ಸಾಮಾನು ಮಾತ್ರ: ಹಗ್ಗ, ಮೂಗುದಾರ, ಕೊರಳ ಗಂಟೆ, ಗೆಜ್ಜೆ, ಹಣೆಪಟ್ಟಿ.

"ಅಣ್ಣಯ್ಯ, ಈಗ ಎಲ್ಲಾರೂ ಲೋಗೋ ಅಂತ ಮಾಡುಸ್ಕತಾವ್ರೆ. ಬೋರ್ಡ್‌ಗೂ ಅದೇ, ಚೀಲಕ್ಕೂ ಅದೇ, ಬಿಲ್ಲಿಗೂ ಅದೇ. ನೀನಿರುವಾಗ ಬ್ಯಾರೆಯೋರ್ತವ ಯಾಕ್ ಓಗ್ಲಿ?" ಅಂದಳು. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಏನೂ ಬರೆಯಲು ಕೇಳಿರಲಿಲ್ಲ. ಉಬ್ಬಿಹೋದೆ.

ಲೋಗೋ ಅಂದರೆ ಹೊಸದೇನಲ್ಲ, ಲಾಂಛನವೇ ತಾನೆ. ಪೇಟೆಯ ಪಕ್ಕದ ಹೊಸಹೊಳಲಿಗೆ ಹೋಗಿ ಗುಡಿಯ ಗೋಡೆಯನ್ನೆಲ್ಲ ನೋಡಿಬಂದೆ. ಹೊಯ್ಸಳರಿಗೂ ಲಾಂಛನ ಬರೆದುಕೊಟ್ಟ ಮೇಷ್ಟ್ರು ಒಬ್ಬ ಇದ್ದಿರಲೇಬೇಕು. ಅದು ಹುಲಿಯೋ ಸಿಂಹವೋ ಅಂತ ಪಂಡಿತರು ಇವತ್ತಿಗೂ ಕಿತ್ತಾಡುತ್ತಾರೆ; ಆದರೆ ಅದರ ಮೈಮೇಲಿನ ಸುಳಿ ಎಲ್ಲಿದೆ ಅಂತ ಅವನನ್ನು ಯಾರೂ ಕೇಳಲಿಲ್ಲ. ಪುಣ್ಯವಂತ.

ಗುಡಿಯ ಗೋಡೆಯ ಬಳ್ಳಿ, ಸುರುಳಿಗಳು ನನ್ನ ತಲೆಯಲ್ಲೇ ಉಳಿದವು. ಗಂಭೀರವಾದ ಹಳ್ಳಿಕಾರ್ ಎತ್ತೊಂದನ್ನು ಬರೆದು, ಹಿಂಭಾಗ ಬೋಳುಬೋಳಾಗಿ ಕಂಡಿತೆಂದು ಅಲ್ಲೊಂದು ಸುರುಳಿ ಎಳೆದುಬಿಟ್ಟೆ. ಅಲಂಕಾರಕ್ಕೆ!

ಅಂಗಡಿ ತೆರೆದ ಮೇಲೆ ಜನ ಬರುವರು, ಬೋರ್ಡು ನೋಡುವರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಕ್ಕೆ ಹೋಗುವರು. ಕಲೆಗೆ ಬೆರಗಾದರು ಅಂತ ನಾನು ತಿಳಿದೆ. ಎರಡು ವಾರ ಗಂಟೆಗಳು ತೂಗುಹಾಕಿದ ಹಾಗೇ ಇದ್ದವು. ಸಾವಿತ್ರಿ ಬೆಳಿಗ್ಗೆ ಅವನ್ನು ಒರೆಸುವಳು, ಸಾಯಂಕಾಲ ಇನ್ನೊಂದು ಸಲ ಒರೆಸುವಳು. ನನ್ನೊಡನೆ ಮಾತು ಕಡಿಮೆ ಮಾಡಿದಳು.

ಕೊನೆಗೆ ದನಗಳ ವಿಚಾರದಲ್ಲಿ ಸುತ್ತಲ ಊರಿಗೆಲ್ಲ ಹಿರಿಯರಾದ ಬೋರೇಗೌಡರು ಬಾಯಿಬಿಟ್ಟರು. "ಮೇಷ್ಟ್ರೇ, ಆ ಜಾಗದಲ್ಲಿ ಸುಳಿ ಇರೋ ಎತ್ತು ಕಟ್ಟುದ್ರೆ ಮನೆ ಉದ್ಧಾರ ಆಯ್ತದಾ? ಅದ್ನ ತಂದು ಬಾಗಿಲ ಮ್ಯಾಗೇ ಕಟ್ಟಿದ್ದೀರಲ್ಲ!"

ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ಎಣಿಸುವ ಮೊದಲೇ ಮೈಮೇಲಿನ ಕೂದಲ ಸುಳಿ ಹುಡುಕುತ್ತಾರೆ. ಇದನ್ನು ಮೂಢನಂಬಿಕೆ ಅಂತ ನಾನು ತಳ್ಳಿಹಾಕಬಹುದಿತ್ತು. ನನ್ನ ತಲೆಯಲ್ಲೇ ಎರಡು ಸುಳಿ ಇವೆ. ಎರಡು ಮದುವೆ ಗ್ಯಾರಂಟಿ ಅಂದಿದ್ದರು. ಒಂದೇ ಸಾಕಾಗಿದೆ. ಆದರೆ ಶಾಸ್ತ್ರ ಸುಳ್ಳೆಂದು ಸಾಧಿಸಿದರೆ ಮೂಗುದಾರ ಮಾರಾಟವಾಗುತ್ತದೆಯೇ?

ನಾನು ಜಾಣತನ ಮಾಡಿದೆ. ಬೆಳಗಾಗುತ್ತಲೇ ಏಣಿ ಹತ್ತಿ, ಯಾರಿಗೂ ಹೇಳದೆ ಸುಳಿಯ ಮೇಲೆ ಬಿಳಿ ಬಣ್ಣ ಬಳಿದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಮಧ್ಯಾಹ್ನದ ಹೊತ್ತಿಗೆ ಪೇಟೆಯಲ್ಲೆಲ್ಲ ಒಂದೇ ಮಾತು: ಸುಳಿ ಮುಚ್ಚಿ ಮಾರುವವರ ಅಂಗಡಿ. ಕೆಟ್ಟ ಸುಳಿಯ ಎತ್ತನ್ನಾದರೂ ನಮ್ಮ ಜನ ಕ್ಷಮಿಸುತ್ತಾರೆ, ಸುಳಿ ಮುಚ್ಚುವ ದಲ್ಲಾಳಿಯನ್ನು ಮಾತ್ರ ಕ್ಷಮಿಸುವುದಿಲ್ಲ.

ಅವತ್ತು ಸಾವಿತ್ರಿ ಅತ್ತಳು. "ನಂಬಿ ಕೊಟ್ನಲ್ಲೋ ಅಣ್ಣಯ್ಯ" ಅಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಹೆಮ್ಮೆಗಾಗಿ ಅವಳ ಹತ್ತು ವರ್ಷದ ದುಡಿಮೆ ಹಾಳು ಮಾಡಿದ್ದೆ.

ಕಣ್ಣೊರೆಸಿಕೊಂಡವಳೇ ಎದುರಿನ ಟೀ ಅಂಗಡಿಯಲ್ಲಿದ್ದ ಬೋರೇಗೌಡರನ್ನು ಕರೆದುತಂದಳು. ನಾಲ್ಕು ಜನ ಕೇಳುವ ಹಾಗೆ ಅಂದಳು: "ಗೌಡ್ರೇ, ನಮ್ಮಣ್ಣಂಗೆ ದನ ಗೊತ್ತಿಲ್ಲ. ತಪ್ಪು ಮಾಡ್ದ, ಆಮೇಲ್ ಅದ್ನ ಮುಚ್ದ. ಈಗ ಎಲ್ಲಾರ ಎದುರ್ಗೇ ಒಸ ಎತ್ತು ಬರೀತಾನೆ. ಸುಳಿ ಎಲ್ಲಿರಬೇಕೋ ನೀವೇ ಇಟ್‌ಬುಡಿ."

ಬೋರ್ಡನ್ನು ಕೆಳಗಿಳಿಸಿ ಬೀದಿಯಲ್ಲೇ ಉಜ್ಜಿ, ಹೊಸದಾಗಿ ಬರೆದೆ. ಸುತ್ತ ನಿಂತವರು ಕಿವಿ ಉದ್ದವಾಯಿತು, ಬಾಲ ಮೋಟಾಯಿತು ಅಂತ ತಿದ್ದುತ್ತಲೇ ಇದ್ದರು. ನನ್ನ ತರಗತಿಯಲ್ಲಿ ಒಬ್ಬನೂ ಅಷ್ಟು ಶ್ರದ್ಧೆಯಿಂದ ಚಿತ್ರ ನೋಡಿದ್ದಿಲ್ಲ. ಕೊನೆಗೆ ಗೌಡರು ಪಂಚೆ ಎತ್ತಿಕಟ್ಟಿ, ಹೆಬ್ಬೆರಳನ್ನು ಬಣ್ಣಕ್ಕದ್ದಿ, ಡುಬ್ಬದ ಮೇಲೆ ಒತ್ತಿ ಒಂದು ಸುತ್ತು ತಿರುಗಿಸಿದರು. ಅಲ್ಲಿದ್ದವರೆಲ್ಲ "ಆ, ಈಗ ಸರೋಯ್ತು" ಅಂದರು.

ಆಮೇಲೆ ಗೌಡರೇ ಗಿರಾಕಿಗಳನ್ನು ಕರೆತಂದರು. "ನಾನಿಟ್ಟ ಸುಳಿ ಕಣ್ಲಾ, ನೋಡ್ಲಾ" ಅಂತ ತೋರಿಸುವುದಕ್ಕೇ ದಿನಾ ಬರುತ್ತಾರೆ. ಬಂದವರು ಹಗ್ಗವನ್ನೋ ಗಂಟೆಯನ್ನೋ ಒಯ್ಯುತ್ತಾರೆ. ಸಾವಿತ್ರಿಗೆ ಈಗ ಗಂಟೆ ಒರೆಸಲು ಪುರಸೊತ್ತಿಲ್ಲ.

ಮೊನ್ನೆ ಹೇಮಗಿರಿ ಕಡೆಯ ರೈತನೊಬ್ಬ ಬಂದು ಬೋರ್ಡನ್ನು ಬಹಳ ಹೊತ್ತು ನೋಡಿದ. "ಎತ್ತು ಲಕ್ಷಣವಾಗೈತೆ ಕಣವ್ವ. ಯಾರ್ ಬರ್ದೋರು?"

ಸಾವಿತ್ರಿ ಹೆಮ್ಮೆಯಿಂದ ನನ್ನ ಕಡೆ ಕೈತೋರಿಸಿದಳು. "ನಮ್ಮಣ್ಣ ಬರ್ದಿದ್ದು. ಸುಳಿ ಮಾತ್ರ ಬೋರೇಗೌಡ್ರು ಇಟ್ಟಿದ್ದು."

ಆತ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಎತ್ತು ಬುಡವ್ವ, ಯಾರ್ ಬೇಕಾರೂ ಬರೀತಾರೆ" ಅಂದು, ಎರಡು ಜೊತೆ ಗೆಜ್ಜೆ ಕೇಳಿದ.

ನಾನೇ ಎದ್ದುಹೋಗಿ ತಂದುಕೊಟ್ಟೆ.